ಪಾಚಿ ತಳಿಗಳ ಅತಿಶೀತ ಸಂರಕ್ಷಣೆ: ಲೆಕ್ಕಕ್ಕೆ ಬಾರದ ಬಂಡವಾಳದ ರಕ್ಷಣೆ

ಯಾವುದೇ ಉದ್ದಿಮೆಯ ಆಸ್ತಿಪಟ್ಟಿಯನ್ನು ತಯಾರಿಸುವಾಗ ಜಮೀನು, ಕಟ್ಟಡ, ಯಂತ್ರೋಪಕರಣ, ಕಚ್ಚಾ ಸಾಮಗ್ರಿ, ಸಿದ್ಧ ಸರಕು, ಬರಬೇಕಾದ ಬಾಕಿ ಇವೆಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಸೂಕ್ಷ್ಮ ಪಾಚಿಯನ್ನು ಬೆಳೆದು ಮಾರುವ ಘಟಕಗಳ ಪಟ್ಟಿಯೂ ಇದಕ್ಕೆ ಹೊರತಲ್ಲ. ಕೊಳಗಳು, ನೀರು ಕಲಕುವ ಚಕ್ರಗಳು, ಶೋಧಕ ಬಟ್ಟೆ, ಒಣಗಿಸುವ ಯಂತ್ರ, ಸೋಡಿಯಂ ಬೈಕಾರ್ಬೊನೇಟ್ ಚೀಲಗಳು ಎಲ್ಲಕ್ಕೂ ಬೆಲೆ ಕಟ್ಟಲಾಗಿರುತ್ತದೆ. ಆದರೆ ಇವೆಲ್ಲವೂ ಯಾವುದರ ಸಲುವಾಗಿ ಇವೆಯೋ ಆ ಮೂಲ ತಳಿ ಮಾತ್ರ ಪಟ್ಟಿಯಲ್ಲಿ ಕಾಣುವುದಿಲ್ಲ. ಅದು ಪ್ರಯೋಗಾಲಯದ ಕಪಾಟಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಹತ್ತಿಯ ಬಿರಡೆ ಹಾಕಿದ ಎರಡು ಮೂರು ಗಾಜಿನ ಕುಪ್ಪಿಗಳಲ್ಲಿ ಇರುತ್ತದೆ. ಆ ಕುಪ್ಪಿಗಳು ಕೆಟ್ಟ ದಿನ ಉಳಿದ ಆಸ್ತಿಯೆಲ್ಲವೂ ಗುಜರಿ ಬೆಲೆಗೆ ಇಳಿಯುತ್ತದೆ.

ಆಹಾರ ಪೂರಕವಾಗಿ ಮಾರಾಟವಾಗುವ ಸ್ಪಿರುಲಿನಾ ಮತ್ತು ಕ್ಲೋರೆಲ್ಲಾ, ಬೀಟಾ-ಕ್ಯಾರೊಟಿನ್ ನೀಡುವ ಡುನಾಲಿಯೆಲ್ಲಾ, ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯಕ್ಕಾಗಿ ಬೆಳೆಸುವ ಹೆಮಟೊಕಾಕಸ್, ಸೀಗಡಿ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಮರಿಗಳಿಗೆ ಉಣಿಸುವ ಕೀಟೊಸೆರಾಸ್, ಭತ್ತದ ಗದ್ದೆಗೆ ಹಾಕುವ ನೀಲಿ-ಹಸಿರು ಪಾಚಿಯ ಜೈವಿಕ ಗೊಬ್ಬರ ಇವೆಲ್ಲವೂ ಇಂದು ವ್ಯಾಪಾರದ ಸರಕುಗಳು. ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿಯೇ ಭಾರತ-ಜರ್ಮನಿ ಸಹಯೋಗದ ಪಾಚಿ ಯೋಜನೆಯೊಂದು ನಡೆದಿತ್ತು. ಸ್ಪಿರುಲಿನಾ ಕೃಷಿಯ ಕುರಿತು ಅಲ್ಲಿ ವಿಸ್ತೃತವಾದ ಕೆಲಸವಾಗಿದೆ. ಬೆಳೆಸುವ ವಿದ್ಯೆ ಹೀಗೆ ಹಲವರಿಗೆ ತಲುಪಿದ್ದರೂ ಬೆಳೆಸಿದ ತಳಿಯನ್ನು ಕಾಪಿಡುವ ವಿದ್ಯೆಯ ಕಡೆಗೆ ಸಣ್ಣ ಘಟಕಗಳ ಗಮನ ಅಷ್ಟಾಗಿ ಹರಿದಿಲ್ಲ.

ಹೆಪ್ಪಿನಿಂದ ಹೆಪ್ಪಿಗೆ

ಸಾಮಾನ್ಯವಾಗಿ ರೂಢಿಯಲ್ಲಿರುವ ಪದ್ಧತಿಯನ್ನು ಮೊಸರಿನ ಹೆಪ್ಪಿಗೆ ಹೋಲಿಸಬಹುದು. ಇಂದಿನ ಮೊಸರಿನಿಂದ ಒಂದು ಚಮಚವನ್ನು ತೆಗೆದು ನಾಳಿನ ಹಾಲಿಗೆ ಹಾಕುವಂತೆ, ಬಲಿತ ಕುಪ್ಪಿಯಿಂದ ಸ್ವಲ್ಪ ದ್ರವವನ್ನು ತೆಗೆದು ಹೊಸ ಪೋಷಕ ದ್ರಾವಣಕ್ಕೆ ವರ್ಗಾಯಿಸಲಾಗುತ್ತದೆ. ತಳಿ ಮತ್ತು ತಾಪಮಾನವನ್ನು ಅನುಸರಿಸಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಈ ಕೆಲಸ ನಡೆಯಬೇಕು. ಅಗರ್ ಇಳಿಜಾರಿನ ಮೇಲೆ, ಕಡಿಮೆ ಬೆಳಕು ಮತ್ತು ತಂಪಿನಲ್ಲಿಟ್ಟರೆ ಕೆಲವು ತಳಿಗಳಿಗೆ ಈ ಅವಧಿಯನ್ನು ಹಲವು ತಿಂಗಳುಗಳವರೆಗೆ ಹಿಗ್ಗಿಸಬಹುದು. ಖರ್ಚು ಅಲ್ಪ, ವಿಶೇಷ ಉಪಕರಣ ಬೇಡ. ಆದುದರಿಂದಲೇ ಇದು ಎಲ್ಲೆಡೆ ನಡೆದುಬಂದಿದೆ.

ಈ ಪದ್ಧತಿಯನ್ನು ಹೀನವೆಂದು ತಳ್ಳಿಹಾಕುವಂತಿಲ್ಲ. ಹಾಲೆಂಡಿನ ಬೈಯೆರಿಂಕ್ 1889ರಲ್ಲಿ ಪ್ರತ್ಯೇಕಿಸಿದ ಕ್ಲೋರೆಲ್ಲಾ ತಳಿ ಜರ್ಮನಿಯ ಗಟಿಂಗೆನ್ ಸಂಗ್ರಹಾಲಯದಲ್ಲಿ ಇಂದಿಗೂ ಜೀವಂತವಾಗಿದೆ. ಪ್ರಾಗ್ ನಗರದ ಪ್ರಿಂಗ್ಸ್‌ಹೈಮ್ ಎಂಬ ವಿಜ್ಞಾನಿ ಎರಡನೆಯ ಮಹಾಯುದ್ಧದ ಮುನ್ನಾದಿನಗಳಲ್ಲಿ ದೇಶ ತೊರೆದು ಇಂಗ್ಲೆಂಡಿಗೆ ಹೋದಾಗ ತಮ್ಮ ಪಾಚಿ ಸಂಗ್ರಹವನ್ನೂ ಒಯ್ದರು. ಇಂದು ಸ್ಕಾಟ್ಲೆಂಡಿನ ಓಬನ್ ಬಳಿ ಇರುವ ಬ್ರಿಟಿಷ್ ಪಾಚಿ ಸಂಗ್ರಹಾಲಯಕ್ಕೂ, ಯುದ್ಧಾನಂತರ ಅವರು ಮರಳಿ ಹೋಗಿ ಕಟ್ಟಿದ ಗಟಿಂಗೆನ್ ಸಂಗ್ರಹಾಲಯಕ್ಕೂ ಅದೇ ಮೂಲ. ತಲೆಮಾರುಗಟ್ಟಲೆ ಕೈಯಿಂದ ಕೈಗೆ ವರ್ಗಾಯಿಸುತ್ತಲೇ ಆ ತಳಿಗಳು ಉಳಿದುಬಂದವು. ಆದರೆ ಅಲ್ಲಿ ಆ ಕೆಲಸಕ್ಕೆಂದೇ ನೇಮಕಗೊಂಡ ತಜ್ಞರಿದ್ದರು. ಸಣ್ಣ ಘಟಕವೊಂದರಲ್ಲಿ ಅದು ಒಬ್ಬ ಸಹಾಯಕನ ಕೈಯಲ್ಲಿರುತ್ತದೆ. ಆತ ದೀಪಾವಳಿಗೆ ಊರಿಗೆ ಹೋದರೆ ವರ್ಗಾವಣೆಯೂ ರಜೆಯ ಮೇಲೆ ಹೋಗುತ್ತದೆ.

ಲೆಕ್ಕವನ್ನು ನೋಡಿದರೆ ಅಪಾಯದ ಪ್ರಮಾಣ ತಿಳಿಯುತ್ತದೆ. ಮೂರು ವಾರಗಳಿಗೊಮ್ಮೆ ಎಂದಿಟ್ಟುಕೊಂಡರೆ ವರ್ಷಕ್ಕೆ 17 ವರ್ಗಾವಣೆ, ಹತ್ತು ವರ್ಷಗಳಲ್ಲಿ 170ಕ್ಕೂ ಮಿಗಿಲು. ಪ್ರತಿಯೊಂದು ಬಾರಿಯೂ ಬಿರಡೆ ತೆರೆಯಬೇಕು, ಚೀಟಿ ಬರೆಯಬೇಕು. ಒಂದು ಬಾರಿ ಬೇರೆ ಪಾಚಿ ಅಥವಾ ಬ್ಯಾಕ್ಟೀರಿಯಾ ಒಳಹೊಕ್ಕರೆ, ಒಂದು ಚೀಟಿ ಅದಲುಬದಲಾದರೆ, ಮುಂದಿನ ಎಲ್ಲ ಕುಪ್ಪಿಗಳೂ ಆ ದೋಷವನ್ನು ಹೊತ್ತು ಸಾಗುತ್ತವೆ. ಆರಂಭಿಕ ಶಿಲ್ಕೇ ಇಲ್ಲದೆ ಬರೆಯುತ್ತಾ ಹೋದ ಲೆಡ್ಜರಿನಲ್ಲಿ ತಪ್ಪು ಎಲ್ಲಿ ಆಯಿತೆಂದು ಹಿಂದಿರುಗಿ ನೋಡುವುದು ಹೇಗೆ ಸಾಧ್ಯವಿಲ್ಲವೋ ಇಲ್ಲಿಯೂ ಹಾಗೆಯೇ.

ಇದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದಿದೆ. ಪ್ರತಿ ತಲೆಮಾರಿನಲ್ಲಿಯೂ ತಳಿ ಕಿಂಚಿತ್ ಬದಲಾಗುತ್ತದೆ. ಕುಪ್ಪಿಯ ಸುಖದಲ್ಲಿ ಬೇಗ ಬೆಳೆಯುವ ಕೋಶಗಳು ಮೇಲುಗೈ ಸಾಧಿಸುತ್ತವೆ. ಬಯಲಿನ ಕೊಳದ ಬಿಸಿಲನ್ನು ತಾಳುವ, ವರ್ಣದ್ರವ್ಯವನ್ನು ಹೆಚ್ಚಾಗಿ ಕೊಡುವ ಕೋಶಗಳು ಹಿಂದುಳಿಯಬಹುದು. ಸುರುಳಿಯಾಕಾರದ ಎಳೆಗೆ ಹೆಸರಾದ ಸ್ಪಿರುಲಿನಾ ಪ್ರಯೋಗಾಲಯದಲ್ಲಿ ಬಹುಕಾಲ ಬೆಳೆಯುತ್ತಾ ನೇರ ಎಳೆಯಾಗಿ ಮಾರ್ಪಡುವುದು ಎಲ್ಲರೂ ಬಲ್ಲ ಸಂಗತಿ. ಹಾಗೆ ನೇರವಾದುದು ಮತ್ತೆ ಸುರುಳಿಯಾಗುವುದು ಅಪರೂಪ. ಡಯಾಟಮ್ ಜಾತಿಯ ಪಾಚಿಗಳ ಪಾಡು ಇನ್ನೂ ವಿಚಿತ್ರವಾದುದು. ಅವುಗಳ ಕೋಶಕ್ಕೆ ಡಬ್ಬಿ ಮತ್ತು ಮುಚ್ಚಳದಂತಹ ಸಿಲಿಕಾ ಕವಚವಿರುತ್ತದೆ. ವಿಭಜನೆಯಾದಾಗ ಒಂದು ಮರಿ ಕೋಶ ಹಳೆಯ ಡಬ್ಬಿಯನ್ನೇ ಮುಚ್ಚಳ ಮಾಡಿಕೊಂಡು ಅದರೊಳಗೆ ಹೊಸ ಡಬ್ಬಿಯನ್ನು ಕಟ್ಟಿಕೊಳ್ಳುತ್ತದೆ. ಇದರಿಂದ ಹಲವು ಜಾತಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಗಾತ್ರ ಕುಗ್ಗುತ್ತಾ ಹೋಗಿ, ಲೈಂಗಿಕ ಸಂತಾನೋತ್ಪತ್ತಿ ನಡೆದು ಗಾತ್ರ ಮರುಕಳಿಸದಿದ್ದರೆ ಕಲ್ಚರ್ ಕೊನೆಗೆ ನಶಿಸುತ್ತದೆ. ಎಷ್ಟೇ ಶ್ರದ್ಧೆಯಿಂದ ವರ್ಗಾಯಿಸಿದರೂ ಇದಕ್ಕೆ ಪರಿಹಾರವಿಲ್ಲ.

ಶೀತ ಮಾಡುವ ಕೆಲಸ

ಕಾಲವನ್ನೇ ನಿಲ್ಲಿಸಿಬಿಡುವುದು ಇದಕ್ಕಿರುವ ಪರಿಹಾರ. ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಆ ಶೀತದಲ್ಲಿ ಕೋಶದೊಳಗಿನ ಜೀವರಾಸಾಯನಿಕ ಕ್ರಿಯೆಗಳು ಸ್ತಬ್ಧವಾಗುತ್ತವೆ. ವಿಭಜನೆಯಿಲ್ಲ, ಆದುದರಿಂದ ಬದಲಾವಣೆಯೂ ಇಲ್ಲ. ಆದರೆ ಅಲ್ಲಿಗೆ ತಲುಪುವ ದಾರಿ ಮತ್ತು ಅಲ್ಲಿಂದ ಮರಳುವ ದಾರಿ ಎರಡೂ ಅಪಾಯಕರವಾದವು. ಶೀತದಿಂದ ಕೋಶ ಸಾಯುವುದಕ್ಕಿಂತ ಹೆಪ್ಪುಗಟ್ಟುವ ನೀರಿನಿಂದ ಸಾಯುವುದೇ ಹೆಚ್ಚು.

ಇದರ ತಿರುಳು ಹೀಗಿದೆ. ನಿಧಾನವಾಗಿ ತಣಿಸಿದರೆ ಮೊದಲು ಕೋಶದ ಹೊರಗಿನ ನೀರು ಮಂಜಾಗುತ್ತದೆ. ಉಳಿದ ದ್ರಾವಣದಲ್ಲಿ ಲವಣಾಂಶ ಏರಿ, ಅದು ಕೋಶದೊಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತದೆ; ಕೋಶ ಉಪ್ಪಿನಲ್ಲಿಟ್ಟ ಮಾವಿನಕಾಯಿಯಂತೆ ಸುಕ್ಕುಗಟ್ಟುತ್ತದೆ. ಅತಿವೇಗವಾಗಿ ತಣಿಸಿದರೆ ನೀರು ಹೊರಬರಲು ಸಮಯವೇ ಸಿಗದೆ ಕೋಶದೊಳಗೇ ಮಂಜಿನ ಹರಳುಗಳು ಮೂಡಿ ಪೊರೆಗಳನ್ನು ಹರಿಯುತ್ತವೆ. ಈ ಎರಡು ಸಾವುಗಳ ನಡುವೆ ಪ್ರತಿ ತಳಿಗೂ ಅದರದೇ ಆದ ಸುರಕ್ಷಿತ ವೇಗವೊಂದಿದೆ ಎಂಬುದನ್ನು ಅಮೆರಿಕದ ಪೀಟರ್ ಮೇಜರ್ 1972ರಲ್ಲಿ ಸಹೋದ್ಯೋಗಿಗಳೊಡನೆ ವಿವರಿಸಿದರು. ಅದಕ್ಕೂ ಮುನ್ನ, 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಅವರು ಗ್ಲಿಸರಿನ್ ಬೆರೆಸಿದರೆ ಕೋಳಿಯ ವೀರ್ಯಾಣುಗಳು ಘನೀಕರಣವನ್ನು ತಾಳುತ್ತವೆ ಎಂಬುದನ್ನು ಕಂಡುಕೊಂಡಿದ್ದರು. ಇಂತಹ ವಸ್ತುಗಳಿಗೆ ಶೀತರಕ್ಷಕಗಳೆಂದು ಹೆಸರು. ಪಾಚಿಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವವು ಡೈಮೀಥೈಲ್ ಸಲ್ಫಾಕ್ಸೈಡ್ ಮತ್ತು ಮೆಥನಾಲ್. ಪ್ರಮಾಣ ಸಾಮಾನ್ಯವಾಗಿ ಶೇಕಡಾ 5ರಿಂದ 10.

ರೂಢಿಗತ ವಿಧಾನವನ್ನು ಎರಡು ಹಂತದ ತಣಿಸುವಿಕೆ ಎನ್ನುತ್ತಾರೆ. ಆರೋಗ್ಯವಾಗಿ ಬೆಳೆದ ಕಲ್ಚರಿಗೆ ಶೀತರಕ್ಷಕವನ್ನು ಬೆರೆಸಿ, ಒಂದು ಮಿಲಿಲೀಟರಿನಂತೆ ತಿರುಪಿನ ಮುಚ್ಚಳವುಳ್ಳ ಸಣ್ಣ ಪ್ಲಾಸ್ಟಿಕ್ ಶೀಶೆಗಳಿಗೆ ತುಂಬಲಾಗುತ್ತದೆ. ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಮೈನಸ್ 40 ಡಿಗ್ರಿಯವರೆಗೆ ತಣಿಸಿ, ಅಲ್ಲಿ ಸ್ವಲ್ಪ ಹೊತ್ತು ತಡೆದು, ಅನಂತರ ನೇರವಾಗಿ ದ್ರವ ಸಾರಜನಕದಲ್ಲಿ ಮುಳುಗಿಸಲಾಗುತ್ತದೆ. ಮರಳಿ ಬೇಕಾದಾಗ 40 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅಲುಗಾಡಿಸುತ್ತಾ ಬೇಗನೆ ಕರಗಿಸಬೇಕು. ನಿಧಾನವಾಗಿ ಕರಗಿಸಿದರೆ ಸಣ್ಣ ಹರಳುಗಳು ಸೇರಿ ದೊಡ್ಡದಾಗಿ ಹಾನಿ ಮಾಡುತ್ತವೆ. ಕರಗಿದ ಕೋಶಗಳನ್ನು ತಾಜಾ ದ್ರಾವಣಕ್ಕೆ ಹಾಕಿ ಒಂದು ದಿನ ಕತ್ತಲಲ್ಲಿ ಇಡುವುದು ವಾಡಿಕೆ. ಗಾಯಗೊಂಡ ಕೋಶಕ್ಕೆ ಆ ಸಮಯದಲ್ಲಿ ಬೆಳಕೂ ವಿಷವೇ.

ಬ್ರಿಟನ್ನಿನ ಜಿ. ಜೆ. ಮಾರಿಸ್ 1978ರಲ್ಲಿ ಈ ಎರಡು ಹಂತದ ವಿಧಾನದಿಂದ 250 ಹಸಿರು ಪಾಚಿ ತಳಿಗಳನ್ನು ಘನೀಕರಿಸಿ ತೋರಿಸಿದರು. ಬ್ರಿಟಿಷ್ ಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷಗಳವರೆಗೆ ದ್ರವ ಸಾರಜನಕದಲ್ಲಿದ್ದ ತಳಿಗಳನ್ನು ಪರೀಕ್ಷಿಸಿದಾಗ ಅವುಗಳ ಜೀವಂತಿಕೆ ಗಣನೀಯವಾಗಿ ಕುಗ್ಗಿರಲಿಲ್ಲವೆಂದು 1997ರಲ್ಲಿ ವರದಿಯಾಯಿತು.

ಎಲ್ಲ ತಳಿಗಳೂ ಇಷ್ಟು ಸುಲಭವಾಗಿ ಒಗ್ಗುವುದಿಲ್ಲವೆಂಬುದನ್ನು ಉದ್ಯಮಿಗಳು ಮೊದಲೇ ಅರಿತಿರಬೇಕು. ಕ್ಲೋರೆಲ್ಲಾ, ನ್ಯಾನೊಕ್ಲೊರೊಪ್ಸಿಸ್‌ನಂತಹ ಸಣ್ಣ ಗಾತ್ರದ, ಗಟ್ಟಿ ಕವಚದ ಪಾಚಿಗಳು ಮತ್ತು ನಾಸ್ಟಾಕ್, ಅನಬೀನಾದಂತಹ ನೀಲಿ-ಹಸಿರು ಪಾಚಿಗಳು ಸಾಮಾನ್ಯವಾಗಿ ಚೆನ್ನಾಗಿ ಮರಳುತ್ತವೆ. ಗಾತ್ರ ದೊಡ್ಡದಾದಷ್ಟೂ, ರಚನೆ ಜಟಿಲವಾದಷ್ಟೂ ಕಷ್ಟ ಹೆಚ್ಚು. ಡೈನೊಫ್ಲಾಜೆಲೇಟ್, ಯೂಗ್ಲಿನಾ ಮತ್ತು ಅನೇಕ ಡಯಾಟಮ್‌ಗಳು ಹಟಮಾರಿಗಳು. ಡುನಾಲಿಯೆಲ್ಲಾಗೆ ಗಟ್ಟಿಯಾದ ಕೋಶಭಿತ್ತಿಯೇ ಇಲ್ಲ. ಉದ್ದನೆಯ ಎಳೆಯ ಸ್ಪಿರುಲಿನಾದಲ್ಲಿ ಒಂದೇ ವಿಧಾನಕ್ಕೆ ತಳಿಯಿಂದ ತಳಿಗೆ ಫಲಿತಾಂಶ ಬೇರೆಯಾಗುತ್ತದೆ. ಪುಸ್ತಕದ ಸೂತ್ರವನ್ನು ನಂಬಿ ಇದ್ದ ಕುಪ್ಪಿಗಳನ್ನೆಲ್ಲ ಘನೀಕರಿಸಿ, ಜೀವಂತ ಕಲ್ಚರನ್ನು ನಿಲ್ಲಿಸಿಬಿಡುವುದು ಅವಿವೇಕ. ಎರಡು ಮೂರು ಶೀತರಕ್ಷಕಗಳನ್ನು, ಬೇರೆ ಬೇರೆ ಪ್ರಮಾಣಗಳಲ್ಲಿ ಪರೀಕ್ಷಿಸಿ, ಕರಗಿಸಿದ ಶೀಶೆಯಿಂದ ಕೊಳಕ್ಕೆ ಹೋಗುವಷ್ಟು ಬೆಳೆ ನಿಜವಾಗಿ ಬಂದ ಮೇಲೆಯೇ ಘನೀಕರಣ ಯಶಸ್ವಿಯಾಯಿತೆಂದು ತಿಳಿಯಬೇಕು. ಕರಗಿಸಿದ ಕೂಡಲೇ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಕಂಡ ಕೋಶಗಳು ಎರಡು ಮೂರು ದಿನಗಳಲ್ಲಿ ಸಾಯುವುದುಂಟು.

ಎರಡು ತಪ್ಪು ಕಲ್ಪನೆಗಳನ್ನು ಇಲ್ಲಿಯೇ ನಿವಾರಿಸಬೇಕು. ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್ ದ್ರವ ಸಾರಜನಕಕ್ಕೆ ಪರ್ಯಾಯವಲ್ಲ. ಆ ಉಷ್ಣತೆಯಲ್ಲಿ ಮಂಜಿನ ಹರಳುಗಳು ನಿಧಾನವಾಗಿಯಾದರೂ ಬೆಳೆಯುತ್ತಲೇ ಇರುತ್ತವೆ. ಸುಮಾರು ಮೈನಸ್ 130 ಡಿಗ್ರಿಗಿಂತ ಕೆಳಗೆ ಮಾತ್ರ ನೆಮ್ಮದಿ. ಫ್ರೀಜರಿನ ಉಪಯೋಗವೇನಿದ್ದರೂ ತಣಿಸುವ ಮೊದಲ ಹಂತಕ್ಕೆ: ಐಸೊಪ್ರೊಪೈಲ್ ಆಲ್ಕೊಹಾಲ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಶೀಶೆಗಳನ್ನಿಟ್ಟು ಅದರೊಳಗೆ ಇರಿಸಿದರೆ ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯ ವೇಗ ತಾನಾಗಿ ದೊರೆಯುತ್ತದೆ, ದುಬಾರಿ ಯಂತ್ರದ ಖರ್ಚು ಉಳಿಯುತ್ತದೆ. ಎರಡನೆಯದಾಗಿ, ಘನೀಕರಣವು ಶುದ್ಧೀಕರಣವಲ್ಲ. ಕಲ್ಚರಿನಲ್ಲಿ ಬೇರೆ ಪಾಚಿ ಬೆರೆತಿದ್ದರೆ ಅದೂ ಅಷ್ಟೇ ಜೋಪಾನವಾಗಿ ಉಳಿಯುತ್ತದೆ.

ದಾಸ್ತಾನಿನ ಶಿಸ್ತು

ಮೊದಲು ಬಂದುದನ್ನು ಮೊದಲು ಹೊರಗೆ ಕಳುಹಿಸುವುದು ವರ್ತಕರಿಗೆ ಉಗ್ರಾಣದ ಮೂಲಮಂತ್ರ. ತಳಿ ಬ್ಯಾಂಕಿನಲ್ಲಿ ಈ ಮಂತ್ರ ತಲೆಕೆಳಗು. ಇಲ್ಲಿ ಅತ್ಯಂತ ಹಳೆಯ ಶೀಶೆಯೇ ಅತ್ಯಂತ ಬೆಲೆಯುಳ್ಳದ್ದು. ಅದನ್ನು ಕಟ್ಟಕಡೆಗೆ ಮುಟ್ಟಬೇಕು. ಇದಕ್ಕಾಗಿ ಬ್ಯಾಂಕನ್ನು ಎರಡು ಅಂತಸ್ತಾಗಿ ಮಾಡುವ ಪದ್ಧತಿಯಿದೆ. ತಳಿ ಉತ್ತಮ ಸ್ಥಿತಿಯಲ್ಲಿದ್ದಾಗ ಒಂದೇ ದಿನ ಮಾಡಿಟ್ಟ ಶೀಶೆಗಳು ಮೂಲ ಬ್ಯಾಂಕ್. ಅದರಿಂದ ಒಂದು ಶೀಶೆಯನ್ನು ಕರಗಿಸಿ, ಬೆಳೆಸಿ, ಮತ್ತೆ ಘನೀಕರಿಸಿದವು ಬಳಕೆಯ ಬ್ಯಾಂಕ್. ಕೊಳಕ್ಕೆ ಹೊಸ ಹೆಪ್ಪು ಬೇಕಾದಾಗ ಕೈ ಹಾಕುವುದು ಬಳಕೆಯ ಬ್ಯಾಂಕಿಗೆ ಮಾತ್ರ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಮೂಲ ಬ್ಯಾಂಕಿನಲ್ಲಿ 20 ಶೀಶೆಗಳಿವೆ. ಎರಡು ಆರಂಭಿಕ ಪರೀಕ್ಷೆಗೆ ಹೋದವು, ಆರು ಬೇರೊಂದು ಸ್ಥಳದಲ್ಲಿ ಭದ್ರವಾಗಿವೆ, ಉಳಿದವು 12. ಪ್ರತಿಯೊಂದರಿಂದ 20 ಬಳಕೆಯ ಶೀಶೆಗಳಾಗಿ, ಅವುಗಳಲ್ಲಿ ಎರಡು ಪರೀಕ್ಷೆಗೆ ಹೋದರೆ 18 ಕೈಯಲ್ಲಿರುತ್ತವೆ. ವರ್ಷಕ್ಕೆ ಎರಡರಂತೆ ಬಳಸಿದರೆ ಒಂದು ಬಳಕೆಯ ಬ್ಯಾಂಕ್ ಒಂಬತ್ತು ವರ್ಷ ಬಾಳುತ್ತದೆ. ಹನ್ನೆರಡಕ್ಕೆ 108 ವರ್ಷ. ಒಡೆದವು, ಕೆಟ್ಟವು, ಕಳೆದುಹೋದವು ಎಂದು ಅರ್ಧವನ್ನೇ ಕಳೆದರೂ ಎರಡು ತಲೆಮಾರಿನ ವ್ಯವಹಾರಕ್ಕೆ ಸಾಲುತ್ತದೆ. ಇಷ್ಟು ಕಾಲದಲ್ಲಿ ಯಾವುದೇ ಬಳಕೆಯ ಶೀಶೆ ಮೂಲದಿಂದ ಒಂದೇ ಮೆಟ್ಟಿಲು ದೂರವಿರುತ್ತದೆ. ಕುಪ್ಪಿಯಿಂದ ಕುಪ್ಪಿಗೆ ಸಾಗಿದ್ದರೆ ಒಂಬತ್ತೇ ವರ್ಷಗಳಲ್ಲಿ 156 ಮೆಟ್ಟಿಲುಗಳು ದಾಟಿರುತ್ತಿದ್ದವು.

ಬೇರೊಂದು ಸ್ಥಳದಲ್ಲಿ ಆರು ಶೀಶೆ ಎಂಬುದು ಅತಿ ಜಾಗರೂಕತೆಯಲ್ಲ. 2018ರ ಮಾರ್ಚ್ ಮೊದಲ ವಾರಾಂತ್ಯದಲ್ಲಿ ಅಮೆರಿಕದ ಎರಡು ಪ್ರತ್ಯೇಕ ಸಂತಾನ ಚಿಕಿತ್ಸಾ ಕೇಂದ್ರಗಳಲ್ಲಿ ಶೀತ ಪಾತ್ರೆಗಳು ಕೈಕೊಟ್ಟು, ಒಂದರಲ್ಲಿಯೇ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಅಂಡ ಮತ್ತು ಭ್ರೂಣಗಳು ನಾಶವಾದವು. ದ್ರವ ಸಾರಜನಕ ಯಾವ ಪಾತ್ರೆಯಲ್ಲಿಟ್ಟರೂ ಆವಿಯಾಗುತ್ತಲೇ ಇರುತ್ತದೆ. ಮಟ್ಟವನ್ನು ಅಳೆದು, ಬರೆದು, ತುಂಬಿಸುತ್ತಿರಬೇಕು. ಅಳೆದವನ ರುಜು ಮತ್ತು ನೋಡಿದವನ ರುಜು ಎರಡೂ ಇರುವ ಪುಸ್ತಕವನ್ನು ಪಾತ್ರೆಯ ಪಕ್ಕದಲ್ಲಿಯೇ ತೂಗುಹಾಕುವುದು ಒಳಿತು. ಒಂದು ಲೀಟರ್ ದ್ರವ ಆವಿಯಾದಾಗ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹಿಂದಕ್ಕೆ ತಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ. ಆದುದರಿಂದ ಮುಚ್ಚಿದ ನೆಲಮಾಳಿಗೆ, ಲಿಫ್ಟ್, ಕಿಟಕಿಯಿಲ್ಲದ ಕೋಣೆ ಇವು ವರ್ಜ್ಯ. ದ್ರವದೊಳಗೆ ಮುಳುಗಿದ್ದ ಶೀಶೆಯೊಳಗೆ ಸಾರಜನಕ ಸೇರಿಕೊಂಡಿದ್ದರೆ ಬೆಚ್ಚಗಾಗುವಾಗ ಅದು ಸಿಡಿಯಬಹುದು. ಮುಖದ ಕವಚವಿಲ್ಲದೆ ಅದನ್ನು ಹೊರತೆಗೆಯಕೂಡದು.

ದ್ರವ ಸಾರಜನಕವೆಂದರೆ ಮಹಾನಗರಗಳ ಪ್ರಯೋಗಾಲಯದ ವಸ್ತುವೆಂಬ ಅಳುಕು ಬೇಡ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನಾ ಕೇಂದ್ರವಿದೆ. ರಾಸುಗಳ ಕೃತಕ ಗರ್ಭಧಾರಣೆಗಾಗಿ ಇದೇ ದ್ರವ ಸಾರಜನಕದ ಪಾತ್ರೆಗಳು ರಾಜ್ಯದ ಗ್ರಾಮಾಂತರ ಪಶುವೈದ್ಯ ಸಂಸ್ಥೆಗಳವರೆಗೂ ಬಹುಕಾಲದಿಂದ ಹೋಗಿಬರುತ್ತಿವೆ. ಹೈನುಗಾರರಿಗೆ ಪರಿಚಿತವಾದ ಆ ಅಲ್ಯೂಮಿನಿಯಂ ಪಾತ್ರೆಯಂತಹುದೇ ಸಣ್ಣ ಘಟಕದ ತಳಿ ಬ್ಯಾಂಕಿಗೂ ಸಾಕು. ತಿಂಗಳ ಖರ್ಚು ಎಷ್ಟಾಗುವುದೆಂಬುದನ್ನು ಸ್ಥಳೀಯ ಸರಬರಾಜುದಾರರಿಂದ ದರ ಪಡೆದು ಲೆಕ್ಕಹಾಕಬೇಕು. ಸಾಗಣೆಯ ದೂರವೇ ಅದರಲ್ಲಿ ದೊಡ್ಡ ಬಾಬ್ತು. ಹತ್ತಿರದಲ್ಲಿ ಸರಬರಾಜಿಲ್ಲದವರು ಸ್ವಂತ ಪಾತ್ರೆಯನ್ನು ಕೊಳ್ಳುವ ಬದಲು ಒಂದೇ ಜಿಲ್ಲೆಯ ಮೂರು ನಾಲ್ಕು ಘಟಕಗಳು ಸೇರಿ ಒಂದನ್ನು ಇಡುವುದು ಅಥವಾ ವಿಶ್ವವಿದ್ಯಾಲಯದ ಪ್ರಯೋಗಾಲಯದೊಡನೆ ಲಿಖಿತ ಕರಾರು ಮಾಡಿಕೊಳ್ಳುವುದು ಸೂಕ್ತ. ಶೀಶೆಗಳ ಮಾಲೀಕತ್ವ ಯಾರದು, ಒಂದನ್ನು ಹೊರತೆಗೆಯಲು ಯಾರ ಅನುಮತಿ ಬೇಕು ಎಂಬುದನ್ನು ಕರಾರಿನಲ್ಲಿ ಬರೆಯದೆ ಒಂದು ಶೀಶೆಯನ್ನೂ ಒಪ್ಪಿಸಬಾರದು.

ಲೆಕ್ಕಪತ್ರ ಮತ್ತು ಕಾನೂನು

ಸಂಗ್ರಹಾಲಯದಿಂದ ಹಣ ಕೊಟ್ಟು ತಂದ ತಳಿಗೆ ಬಿಲ್ಲು ಇರುತ್ತದೆ. ಅದನ್ನು ಅಮೂರ್ತ ಆಸ್ತಿಯೆಂದು ತೋರಿಸಲು ಸಾಧ್ಯವಿದೆ. ಘಟಕವೇ ಆಯ್ದು ಬೆಳೆಸಿದ ತಳಿಯ ಸಂಗತಿ ಬೇರೆ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚ ಆಯಾ ವರ್ಷದ ಲಾಭ-ನಷ್ಟಕ್ಕೇ ಹೋಗಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಮಾತ್ರ, ತಾಂತ್ರಿಕ ಸಾಧ್ಯತೆ ಮತ್ತು ಮುಂದಿನ ಆದಾಯವನ್ನು ರುಜುವಾತುಪಡಿಸಬಲ್ಲ ಸಂದರ್ಭದಲ್ಲಿ, ಆಸ್ತಿಯಾಗಿ ಕಾಣಿಸಬಹುದು. ಫಲವಾಗಿ ಘಟಕದ ಅತ್ಯಮೂಲ್ಯ ವಸ್ತು ಪುಸ್ತಕದಲ್ಲಿ ಸೊನ್ನೆಯಾಗಿಯೇ ಉಳಿಯುವುದು ಹೆಚ್ಚು. ವಿಮೆಯವರು ಕೇಳುವುದು ಪುಸ್ತಕದ ಬೆಲೆಯನ್ನು. ಪಾತ್ರೆ ಕೈಕೊಟ್ಟಾಗ ಪರಿಹಾರ ದೊರೆತರೂ ಅದು ಪಾತ್ರೆಗೆ ಸಿಗಬಹುದೇ ಹೊರತು ಒಳಗಿದ್ದುದಕ್ಕೆ ಸಿಗುವುದು ದುರ್ಲಭ. ತಳಿ ನಷ್ಟದಿಂದ ಉತ್ಪಾದನೆ ನಿಂತರೆ ಪಾಲಿಸಿಯ ರಕ್ಷಣೆ ಇದೆಯೇ ಎಂಬುದನ್ನು ನವೀಕರಣಕ್ಕೆ ಮೊದಲು ಬರಹದಲ್ಲಿ ಕೇಳಿ ತಿಳಿಯಬೇಕು. ಪ್ರತಿ ಶೀಶೆಯ ದಿನಾಂಕ, ಮೂಲ, ವರ್ಗಾವಣೆಯ ಸಂಖ್ಯೆ, ಶೀತರಕ್ಷಕ, ತಣಿಸಿದ ಕ್ರಮ, ಪಾತ್ರೆಯೊಳಗಿನ ಸ್ಥಾನ ಮತ್ತು ಪರೀಕ್ಷೆಯ ಫಲಿತಾಂಶವನ್ನು ಒಳಗೊಂಡ ದಾಖಲೆ ಪುಸ್ತಕ ಇಂತಹ ಸಮಯದಲ್ಲಿ ಕೈಹಿಡಿಯುತ್ತದೆ. ಘಟಕವನ್ನು ಮಾರುವಾಗ ಅಥವಾ ಹೊಸ ಪಾಲುದಾರನನ್ನು ಸೇರಿಸಿಕೊಳ್ಳುವಾಗ ಎದುರಿನ ಪಕ್ಷದವರು ಮೊದಲು ಕೇಳಬೇಕಾದ ಪುಸ್ತಕವೂ ಅದೇ.

ತಳಿಗೆ ಸಂಬಂಧಿಸಿದ ಪೇಟೆಂಟ್ ಬಯಸುವವರಿಗೆ ಸಂರಕ್ಷಣೆ ಕೇವಲ ಅನುಕೂಲವಲ್ಲ, ಅಗತ್ಯ. ಬರಹದಿಂದ ಪೂರ್ತಿಯಾಗಿ ವಿವರಿಸಲಾಗದ ಸೂಕ್ಷ್ಮಜೀವಿಯ ಮಾದರಿಯನ್ನು 1977ರ ಬುಡಾಪೆಸ್ಟ್ ಒಪ್ಪಂದದಡಿ ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಠೇವಣಿ ಇಡಬೇಕಾಗುತ್ತದೆ. ಅಂತಹ ಠೇವಣಿಯನ್ನು ಕನಿಷ್ಠ 30 ವರ್ಷ, ಹಾಗೂ ಮಾದರಿಗಾಗಿ ಬಂದ ಕೊನೆಯ ಕೋರಿಕೆಯ ನಂತರ ಕನಿಷ್ಠ ಐದು ವರ್ಷ ಕಾಪಾಡುವುದು ನಿಯಮ. ಭಾರತ 2001ರಲ್ಲಿ ಈ ಒಪ್ಪಂದಕ್ಕೆ ಸೇರಿತು. ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯ 2002ರಲ್ಲಿ ಮಾನ್ಯತೆ ಪಡೆಯಿತು. ಮಾನ್ಯತೆಯುಳ್ಳ ಪ್ರತಿಯೊಂದು ಸಂಗ್ರಹಾಲಯವೂ ಪಾಚಿಯನ್ನು ಸ್ವೀಕರಿಸುತ್ತದೆಂದು ಭಾವಿಸಬಾರದು. ಸ್ಕಾಟ್ಲೆಂಡಿನ ಸಂಗ್ರಹಾಲಯ ಸ್ವೀಕರಿಸುತ್ತದೆ. ಆದರೆ ನಮ್ಮ ಕೆರೆಯಿಂದಲೋ ಉಪ್ಪಿನ ಗದ್ದೆಯಿಂದಲೋ ಪ್ರತ್ಯೇಕಿಸಿದ ತಳಿಯನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ 2002ರ ಜೈವಿಕ ವೈವಿಧ್ಯ ಅಧಿನಿಯಮವನ್ನು ನೋಡಲೇಬೇಕು. 2023ರ ತಿದ್ದುಪಡಿಯ ಅನ್ವಯ, ಭಾರತದ ಜೈವಿಕ ಸಂಪನ್ಮೂಲವನ್ನು ಆಧರಿಸಿದ ಪೇಟೆಂಟ್ ಕೋರುವ ಭಾರತೀಯ ಉದ್ದಿಮೆಯು ಪೇಟೆಂಟ್ ಮಂಜೂರಾಗುವ ಮುನ್ನ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು ಮತ್ತು ವಾಣಿಜ್ಯ ಬಳಕೆಯ ಹಂತದಲ್ಲಿ ಅದರ ಅನುಮತಿಯನ್ನು ಪಡೆಯಬೇಕು. ತಳಿಯನ್ನು ಯಾವ ಊರಿನ ಯಾವ ನೀರಿನಿಂದ, ಎಂದು ತೆಗೆಯಲಾಯಿತೆಂಬ ವಿವರವನ್ನು ಆಗ ಕೇಳಲಾಗುತ್ತದೆ. ಅದನ್ನು ಮೂಲ ಬ್ಯಾಂಕನ್ನು ತುಂಬುವ ದಿನವೇ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡತಕ್ಕದ್ದು.